ಅಂಗೈಯಲ್ಲಿ ಕೇಳುವವನು

"ಅಮ್ಮಾ, ಮಿಷನ್ ಮಾಮಂಗೆ ಕಿವಿ ಕೇಳ್ಸಲ್ವಲ್ಲ, ಹಂಗಾದ್ರೆ ಯಾರಾದ್ರೂ ಬೈದ್ರೆ ಅವರಿಗೆ ಬೇಜಾರಾಗಲ್ವಾ?"

ಐದು ವರ್ಷದ ಮಗಳು ಹೀಗೆ ಕೇಳಿದಾಗ ತಾಯಿ ದಾರವನ್ನು ಹಲ್ಲಲ್ಲಿ ಕಚ್ಚಿ ತುಂಡು ಮಾಡಿ, "ಬಾಯ್ಮುಚ್ಕೊಂಡು ಹಾಲು ಕುಡಿ" ಎಂದು ಗದರಿದಳು. ಮರುಗಳಿಗೆಯೇ ಅಯ್ಯೋ ಅನಿಸಿ ತಲೆ ಸವರಿದಳು. ಬೈದದ್ದು ಇವಳಿಗೆ ಹೇಗೆ ಗೊತ್ತು? ಅವತ್ತು ಮಲಗಿ ನಿದ್ದೆ ಮಾಡುತ್ತಿದ್ದಾಳೆಂದೇ ಅಂದುಕೊಂಡಿದ್ದಳಲ್ಲ.

ಮಿಷನ್ ಮಾಮ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಹುಟ್ಟು ಕಿವುಡ. ಕೆಟ್ಟ ಮಿಷನ್ನಿನ ಮೇಲೆ ಬಲ ಅಂಗೈ ಊರಿ, ಎಡಗೈಯಲ್ಲಿ ಮೆಲ್ಲಗೆ ಚಕ್ರ ತಿರುಗಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಎಲ್ಲಿ ಎಣ್ಣೆ ಒಣಗಿದೆ, ಯಾವ ಸ್ಕ್ರೂ ಸಡಿಲವಾಗಿದೆ ಎಂಬುದು ಅಂಗೈಗೇ ತಿಳಿಯುತ್ತಿತ್ತು. ಜೇಬಿನಲ್ಲಿ ಸದಾ ಚೀಟಿಗಳು, ತುಂಡು ಪೆನ್ಸಿಲ್ಲು. ಮನೆಯಲ್ಲೇ ಶಾಲಾ ಸಮವಸ್ತ್ರ ಹೊಲಿಯುವ ಅವಳ ಮಿಷನ್ನಿನ ಹೊಟ್ಟೆಯಿಂದ ಒಮ್ಮೆ ಬಿಸ್ಕತ್ತಿನ ಚೂರು ತೆಗೆದು, "ತಂಗೀ, ಇದಕ್ಕೆ ಎಣ್ಣೆ ಸಾಕು, ಊಟ ಹಾಕಬೇಡ" ಎಂದು ಬರೆದುಕೊಟ್ಟಿದ್ದ. ಆ ಚೀಟಿಯನ್ನು ಅವಳು ಡೈರಿಯಲ್ಲಿ ಅಂಟಿಸಿಟ್ಟಿದ್ದಳು.

ಎರಡು ತಿಂಗಳ ಹಿಂದೆ ಒಂದು ಮಧ್ಯಾಹ್ನ ಅವಳದೇ ಮಿಷನ್ನನ್ನು ಸರಿಮಾಡಿ ಹೆಗಲ ಮೇಲೆ ಹೊತ್ತು ತರುತ್ತಿದ್ದ. ಹಿಂದೆ ಬಂದ ಕಾರು ಎಷ್ಟು ಹಾರ್ನ್ ಹೊಡೆದರೂ ದಾರಿ ಬಿಡಲಿಲ್ಲ. ಬಿಡುವುದಾದರೂ ಹೇಗೆ? ಇಬ್ಬರು ಇಳಿದು ಕೊರಳಪಟ್ಟಿ ಹಿಡಿದರು. ಕಿವಿ ಕೇಳಿಸದೆಂದು ಅವನು ಸನ್ನೆ ಮಾಡಿದ. ಅದು ಗೊತ್ತಾದ ಮೇಲೆಯೇ ಹೊಡೆತ ಜೋರಾದದ್ದು. ಮುಖವನ್ನು ನೆಲಕ್ಕೊತ್ತಿ ಬಲಗೈ ತುಳಿದರು.

"ಕಿವುಡ ನನ್ಮಗನೇ! ನಿಮ್ಮಂಥ ದಂಡಪಿಂಡಗಳು ಮೂಲೇಲಿ ಬಿದ್ದಿರ್ಬೇಕು, ಬೀದಿ ನಿಮಗಲ್ಲ!"

ಮಹಡಿಯ ಕಿಟಕಿಯಲ್ಲಿದ್ದ ಅವಳಿಗೆ ಒಂದೊಂದು ಅಕ್ಷರವೂ ಕೇಳಿಸಿತು. ಬಿದ್ದವನು ಹೇಗೋ ಒಮ್ಮೆ ತಲೆಯೆತ್ತಿದ. ಕಣ್ಣಿಗೆ ಕಣ್ಣು ಕೂಡಿತು. ಅವಳು ಕಿಟಕಿ ಮುಚ್ಚಿದಳು.

ಪೊಲೀಸರು ಬಂದು ಕೇಳಿದಾಗ, "ಏನೋ ಗಲಾಟೆ ಕೇಳಿಸ್ತು ಸಾರ್, ಮಾತು ಗೊತ್ತಾಗ್ಲಿಲ್ಲ" ಎಂದುಬಿಟ್ಟಳು. ಒಳ್ಳೇ ಕೆಲ್ಸ ಮಾಡ್ದೆ, ನಮಗ್ಯಾಕೆ ಊರ ಉಸಾಬರಿ ಎಂದ ಗಂಡ. ಡೈರಿಯಲ್ಲಿ ಮಾತ್ರ ಆ ಬೈಗುಳವನ್ನು ಕೇಳಿದ ಹಾಗೆಯೇ ಬರೆದಳು. ಅದರ ಕೆಳಗೆ, ಸೋಪು ತರಬೇಕು, ಮಗಳ ಉಗುರು ಕತ್ತರಿಸಬೇಕು ಎಂದೂ ಬರೆದಳು. ಆಮೇಲೆ ಆ ಪುಟವನ್ನು ತೆರೆದಿರಲಿಲ್ಲ.

ಮಗಳು ಹಾಲಿನ ಲೋಟ ಇಡುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಮಿಷನ್ ಮಾಮನೇ. ಜೊತೆಗೆ ಗುಂಡಿ-ದಾರದ ಅಂಗಡಿಯ ಅವನ ಅಕ್ಕ. ಕೂರುವ ಮೊದಲೇ ಅಕ್ಕನ ಮಾತು ಶುರುವಾಯಿತು.

"ನೋಡಮ್ಮಾ, ಜಾತಿ ಮೇಲೋ ಧರ್ಮದ ಮೇಲೋ ದ್ವೇಷ ಇಟ್ಕೊಂಡು ಹೊಡೆದ್ರೆ ಜಾಸ್ತಿ ಶಿಕ್ಷೆ ಅಂತ ಕಾನೂನಿದೆ. ಇವನಂಥೋರಿಗೆ ಹೊಡೆದ್ರೆ ಬರೀ ಬೀದಿಜಗಳ! ಇಂಥೋರನ್ನೂ ಆ ಕಾನೂನಲ್ಲಿ ಸೇರಿಸ್ಬೇಕಾ ಅಂತ ನೋಡೋಕೆ ಸರ್ಕಾರದ ಒಂದು ಸಮಿತಿ ಕೂತಿದೆ, ಸೋಮವಾರ ಇವನನ್ನೂ ಕರ್ದಿದಾರೆ. ಕಿವುಡ ಅಂತಾನೇ ಹೊಡೆದ್ರು ಅನ್ನೋದಕ್ಕೆ ಏನು ಸಾಕ್ಷಿ, ಅವರು ಏನಂದ್ರು ಅಂತ ಕೇಳ್ತಾರಂತೆ. ಇವನೇನು ಕೇಳಿಸ್ಕೊಂಡಿದ್ನಾ, ನನ್ನ ಕರ್ಮ!"

"ಕಾಫಿ ಮಾಡ್ತೀನಿ ಅಕ್ಕಾ" ಎಂದು ಅವಳು ಏಳಹೊರಟಳು.

"ಕಾಫಿ ಎಲ್ಲೂ ಓಡಿಹೋಗಲ್ಲ, ಕೂತ್ಕೋ."

ಅವನು ಅಭ್ಯಾಸಬಲದಿಂದ ಮಿಷನ್ನಿನ ಮೇಲೆ ಬಲಗೈ ಇಟ್ಟ. ಎರಡು ಬೆರಳು ಮಡಚಿಕೊಂಡೇ ಇದ್ದವು, ಅಂಗೈ ಪೂರ್ತಿ ಊರಲಿಲ್ಲ. ಚಕ್ರ ತಿರುಗಿಸಿ ನೋಡಿದ. ಅಂಗೈಗೆ ಏನೂ ತಿಳಿಯದೆ ಕೈ ತೆಗೆದು, ಚೀಟಿಯನ್ನು ತೊಡೆಯ ಮೇಲಿಟ್ಟು ಎಡಗೈಯಲ್ಲಿ ಸೊಟ್ಟಸೊಟ್ಟಗೆ ಬರೆಯತೊಡಗಿದ. ಮಗಳು ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಬರೆದು ಮುಗಿಸಿ ಚೀಟಿಯನ್ನು ತಾಯಿಯ ಮುಂದೆ ಹಿಡಿದ.

"ತಂಗೀ, ಅವತ್ತು ಕಿಟಕಿಯಲ್ಲಿ ನೀನಿದ್ದೆ. ನನಗೆ ಕೋಪವಿಲ್ಲ. ಅವರು ಏನೆಂದರೋ ಬರೆದು ಸಹಿ ಹಾಕಿಕೊಡು. ನನಗೆ ನೋವಾಗುತ್ತದೆಂದು ಒಂದು ಮಾತನ್ನೂ ಮೆತ್ತಗೆ ಮಾಡಬೇಡ."