ಊಟದ ಮೇಜಿನ ವೆನೆಜುವೆಲಾ

ಇದನ್ನು ಹೇಳುವುದನ್ನು ಬಹಳ ಕಾಲ ಮುಂದೂಡಿದೆ. ಕೊಲ್ಲಿ ನಾಡಿನ ಅಹ್ಮದಿಯ ತೈಲ ಕಚೇರಿಯಲ್ಲಿ ನಾನು ಗುಮಾಸ್ತ. ಹೈಸ್ಕೂಲು ಓದಿ, ಮೊಬೈಲ್ ವಿಡಿಯೋ ನೋಡಿ ಪಂಡಿತನಾದವನು. ಒಂದು ಮಧ್ಯಾಹ್ನ ಊಟದ ಮೇಜಿನಲ್ಲಿ ಮಂಗಳೂರಿನ ಗೆಳೆಯರಿಗೆ ವೆನೆಜುವೆಲಾದ ಚರಿತ್ರೆಯ ಪಾಠ ಮಾಡಿದೆ.

“ಸ್ಪೇನಿನವ್ರು ಹೋದ್ರು, ಸೇನಾಪತಿಗಳು ಬಂದ್ರು. ಎಣ್ಣೆ ಸಿಕ್ಕಿತು, ಬೇಸಾಯ ಬಿಟ್ರು. ಈಗ ಅಲ್ಲಿಯ ಸರೋವರದ ತುಂಬ ಎಣ್ಣೆ, ತಟ್ಟೆಯಲ್ಲಿ ಊಟ ಇಲ್ಲ. ಒಟ್ಟು ಮಾರಾಯ್ರೆ, ವೆನೆಜುವೆಲಾ ಖಲಾಸ್!”

ಎಲ್ಲರೂ ನಕ್ಕರು. ಎದುರಿಗಿದ್ದ ಆ ದೇಶದ ಎಂಜಿನಿಯರ್ ಮೇಡಂಗೆ ಕನ್ನಡ ಬಾರದೆಂಬ ಧೈರ್ಯ ನನಗೆ. ಕೊನೆಯ ಎರಡು ಪದಗಳಿಗೆ ಕನ್ನಡ ಬೇಕಿರಲಿಲ್ಲ; ‘ಖಲಾಸ್’ ಇಲ್ಲಿ ಎಲ್ಲರ ಬಾಯಲ್ಲೂ ಇರುವ ಅರಬ್ಬಿ ಮಾತು.

“ಏನು ಖಲಾಸ್, ಭಾಯಿ?” ಎಂದರು ಮೇಡಂ.

“ಫುಟ್‌ಬಾಲ್ ಮ್ಯಾಚು, ಮೇಡಂ.”

ಅಲ್ಲಿಯವರಿಗೆ ಬೇಸ್‌ಬಾಲೇ ಪ್ರಾಣವೆಂದು ಪಂಡಿತನಿಗೆ ಗೊತ್ತಿರಲಿಲ್ಲ. ಅವರು ಡಬ್ಬಿ ಮುಚ್ಚಿ ಎದ್ದರು. ಮತ್ತೆ ನಮ್ಮ ಮೇಜಿಗೆ ಬರಲಿಲ್ಲ.

ನಾನು ಕ್ಷಮೆ ಕೇಳದೆ ಉಳಿದದ್ದು ಅವರಲ್ಲಿ, ದಿನವೂ ತಮ್ಮ ಮೆಕ್ಕೆಜೋಳದ ರೊಟ್ಟಿಯಲ್ಲಿ ನನಗೂ ಅರ್ಧ ಮುರಿದು ಕೊಡುತ್ತಿದ್ದವರಲ್ಲಿ.