ಅತ್ತಿ ತಿರುಗಿಸಿ ಕೇಳಿದ ಪ್ರಶ್ನೆ

ನಿನ್ನೆ ಸಂಜೆ ಸೊಸೆ ಅಡುಗೆಮನೆಯಿಂದ ಇಣುಕಿ, "ಮಾವಾರ, ಚಾ ಕುಡಿತೀರೇನ್ರಿ?" ಎಂದು ಕೇಳಿದಳು. ಶುಂಠಿ ಕುದಿಯುವ ವಾಸನೆ ಆಗಲೇ ನನ್ನ ಕುರ್ಚಿಯವರೆಗೆ ಬಂದಿತ್ತು. ಮನಸ್ಸು ಆಗಲೇ ಚಾದ ಕಪ್ಪು ಹಿಡಿದು ಕೂತಿತ್ತು. ಬಾಯಿ ಮಾತ್ರ ತನ್ನಷ್ಟಕ್ಕೆ ತಾನೇ, "ಬ್ಯಾಡವಾ" ಎಂದುಬಿಟ್ಟಿತು. ಆಕೆ ಪಾಪ, ನಂಬಿದಳು. ನಾನು ಒಣಬಾಯಲ್ಲಿ ಪೇಪರ್ ಓದುತ್ತ ಕೂತೆ.

ನಿಮಗೂ ಹೀಗಾಗಿರಬೇಕು. ಬೇಕೇ ಎಂದು ಕೇಳಿದರೆ ಮೊದಲು ಬೇಡ ಎನ್ನುವುದು ನಮ್ಮ ಕಡೆಯವರ ರಕ್ತದಲ್ಲೇ ಇದೆ. ಇದನ್ನು ಚೆನ್ನಾಗಿ ತಿಳಿದಿದ್ದವಳು ನಮ್ಮ ನೀಲವ್ವ ಅತ್ತಿ, ಅಪ್ಪನ ತಂಗಿ. ಆಕೆಯನ್ನು ಕೊಟ್ಟದ್ದು ಅಣ್ಣಿಗೇರಿಗೆ. ಸ್ಟೇಶನ್ನಿಗೆ ಹತ್ತಿರದ ಮನೆ, ಗಾಡಿ ತಪ್ಪಿದವರೆಲ್ಲ ಅವಳ ಅತಿಥಿಗಳು. ಬಂದವರನ್ನು ಅತ್ತಿ ಎಂದೂ ಚಾ ಬೇಕೇ ಎಂದು ಕೇಳಿದವಳಲ್ಲ. "ಚಾಕ್ಕ ಬೆಲ್ಲ ಹಾಕಲ್ಯೋ, ಸಕ್ಕರಿ ಹಾಕಲ್ಯೋ?" ಎನ್ನುವಳು. ಬಂದವರು ಯೋಚನೆಗೆ ಬಿದ್ದು "ಬೆಲ್ಲಾನ ಇರ್ಲಿ ಬಿಡ್ರಿ" ಎನ್ನುವಷ್ಟರಲ್ಲಿ ಅವರ ಸಂಕೋಚ ಅರ್ಧ ದಾರಿಯಲ್ಲೇ ಉಳಿದುಬಿಡುತ್ತಿತ್ತು. ಒಬ್ಬ ಬಸ್ ಕಂಡಕ್ಟರ್ ಮಾತ್ರ "ಎರಡೂ ಹಾಕ್ರಿ ಅಕ್ಕಾರ" ಎಂದು ಆಕೆಯನ್ನೇ ಗಲಿಬಿಲಿಗೊಳಿಸಿದನಂತೆ. ಅದನ್ನು ಹೇಳಿ ಅತ್ತಿ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು.

ಇದಿಷ್ಟೇ ಆಗಿದ್ದರೆ ಅತ್ತಿ ಜಾಣೆ ಎಂದು ಹೇಳಿ ಸುಮ್ಮನಾಗುತ್ತಿದ್ದೆ. ಅಂಗಡಿಯವರಿಗೂ ಅಷ್ಟು ಜಾಣತನ ಇರುತ್ತದೆ. ಆದರೆ ಎಪ್ಪತ್ತರ ದಶಕದಲ್ಲಿ, ನಾನು ಹುಬ್ಬಳ್ಳಿಯ ಕಾಲೇಜಿನಲ್ಲಿ ಓದುತ್ತಿದ್ದಾಗ, ಕುಬಿಹಾಳದ ನಮ್ಮ ಮನೆಯಲ್ಲಿ ಒಂದು ಮಧ್ಯಾಹ್ನ ನಡೆದದ್ದನ್ನು ನೋಡಿದ ಮೇಲೆ ಆಕೆಯ ಬಗ್ಗೆ ನನಗೆ ಹುಟ್ಟಿದ ಗೌರವವೇ ಬೇರೆ.

ಅಂದು ದೊಡ್ಡಪ್ಪನೂ ನಮ್ಮಪ್ಪನೂ ಪಾಲಾಗುತ್ತಿದ್ದರು. ಜಗಳವೇನಿರಲಿಲ್ಲ. ಮನೆ ತುಂಬಿ ಮಕ್ಕಳು ಬೆಳೆದಿದ್ದೆವು, ಒಂದು ಒಲೆ ಸಾಲುತ್ತಿರಲಿಲ್ಲ, ಅಷ್ಟೇ. ಊರ ಹಿರಿಯರಾದ ಚನಬಸಪ್ಪ ಕಾಕಾ ಪಡಸಾಲೆಯಲ್ಲಿ ಕಂಬಕ್ಕೊರಗಿ ಕೂತು ಎಲ್ಲವನ್ನೂ ನ್ಯಾಯವಾಗಿಯೇ ಹಂಚುತ್ತಿದ್ದರು. ಹೊಲ ಆಯಿತು. ಎತ್ತು ಆಯಿತು. ತಾಮ್ರದ ಹಂಡೆ ದೊಡ್ಡಪ್ಪನಿಗೆ, ಹಿತ್ತಾಳೆಯ ಕೊಪ್ಪರಿಗೆ ಅಪ್ಪನಿಗೆ. ನಮ್ಮ ಅಜ್ಜಿ, ನಾವು ಆಯಿ ಎನ್ನುತ್ತಿದ್ದೆವು, ಮೂಲೆಯಲ್ಲಿ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಕಾಕಾ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು:

"ಎಲ್ಲಾ ಆತು. ಇನ್ನ ಉಳದದ್ದು ಮುದುಕಿ. ಯಾರು ಇಟ್ಕೋತೀರಪಾ?"

ಕೆಟ್ಟ ಮನಸ್ಸಿನಿಂದ ಕೇಳಿದ ಮಾತಲ್ಲ. ಎಲ್ಲ ಊರಲ್ಲೂ ಹಾಗೇ ಕೇಳುತ್ತಿದ್ದರು. ಆದರೆ ಆಯಿಯ ಕೈ ಜೋಳದಲ್ಲಿ ನಿಂತುಬಿಟ್ಟಿತು. ದೊಡ್ಡಪ್ಪ ಮಾತಾಡಲಿಲ್ಲ. ಅವನ ಹೆಂಡತಿಗೂ ಆಯಿಗೂ ದಿನಾ ಜಟಾಪಟಿ, ಉಪ್ಪಿಗೆ ಒಂದು, ಮಜ್ಜಿಗೆಗೆ ಒಂದು. ಅಪ್ಪನೂ ಮಾತಾಡಲಿಲ್ಲ. ಅಣ್ಣ ಬಾಯಿ ತೆರೆಯುವ ಮೊದಲೇ ತಾನು ಹೂಂ ಎಂದರೆ ಅಣ್ಣನ ಮರ್ಯಾದೆ ಹೋಗುತ್ತದೆ ಎಂಬ ಅಳುಕು ಅವನಿಗೆ. ಹೀಗೆ ತಾಯಿಯೆಂದರೆ ಜೀವ ಬಿಡುವ ಇಬ್ಬರು ಗಂಡಸರು ನೆಲ ನೋಡುತ್ತ ಕೂತರು. ಆ ಮೌನ ಬೆಳೆದಷ್ಟೂ ಆಯಿ ಕುಗ್ಗುತ್ತ ಹೋದಂತೆ ನನಗೆ ಕಂಡಿತು.

"ಹಂಗಾರ ಆರಾರು ತಿಂಗಳ ಮಾಡೂಣು" ಎಂದರು ಕಾಕಾ.

ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನೀಲವ್ವ ಅತ್ತಿ ಸೆರಗು ಸರಿಮಾಡಿಕೊಂಡು ಹೊಸ್ತಿಲು ದಾಟಿ ಬಂದಳು. ಪಾಲಿನ ಮಾತಿನಲ್ಲಿ ಹೆಣ್ಣುಮಕ್ಕಳು ಬಾಯಿ ಹಾಕುವ ಕಾಲ ಅದಲ್ಲ.

"ಕಾಕಾ, ತಪ್ಪು ತಿಳಕೋಬ್ಯಾಡ್ರಿ. ಹಂಡೆ, ಕೊಪ್ಪರಿಗಿ ಆದ ಮ್ಯಾಲೆ ಅವ್ವನ ಪಾಳಿ ಬಂತು. ಅದಕ್ಕ ಹಂಗ ಕೇಳಿದ್ರಿ. ಒಂದೀಟು ತಿರಗಿಸಿ ಕೇಳ್ರಿ. ಅವ್ವ ಯಾರನ್ನ ಇಟ್ಕೋತಾಳ ಅಂತ ಅವ್ವನ್ನ ಕೇಳ್ರಿ."

ಚನಬಸಪ್ಪ ಕಾಕಾ ಎಲೆಯನ್ನು ಬಾಯಿಗೆ ಹಾಕದೆ ಕೈಯಲ್ಲೇ ಹಿಡಿದು ಆಕೆಯನ್ನು ನೋಡಿದರು. ನಂತರ, ದೊಡ್ಡ ಮನುಷ್ಯರು ಅವರು, ಆಯಿಯ ಕಡೆಗೆ ಪೂರ್ತಿ ತಿರುಗಿ ಕೂತು, "ವೈನಿ, ಖರೇ ಐತಿ. ನೀವ ಹೇಳ್ರಿ. ಯಾರನ್ನ ಇಟ್ಕೋತೀರಿ?" ಎಂದರು.

ನೀವು ಆಗ ದೊಡ್ಡಪ್ಪನನ್ನೂ ಅಪ್ಪನನ್ನೂ ನೋಡಬೇಕಿತ್ತು. ಅಲ್ಲಿಯತನಕ ನೆಲ ನೋಡುತ್ತಿದ್ದವರು ಒಮ್ಮೆಲೇ ಸೆಟೆದು ಕೂತರು. "ಯವ್ವಾ, ನಾ ಹಿರೇ ಮಗಾ" ಎಂದ ದೊಡ್ಡಪ್ಪ. "ನಾ ಎಂದಾದ್ರೂ ನಿನಗ ಎದುರಾಡೀನೇನು?" ಎಂದ ಅಪ್ಪ. ಆಯಿ ಅವಸರ ಮಾಡಲಿಲ್ಲ. ಜೋಳದೊಳಗಿನ ಒಂದು ಹರಳು ತೆಗೆದು ಒಗೆದಳು. ಬೆನ್ನು ನೆಟ್ಟಗೆ ಮಾಡಿದಳು.

"ನಿಮ್ಮಿಬ್ಬರನ್ನೂ ಸಾಕಿ ಸಾಕಾಗೇತಿ. ನಾ ಹಿರೇ ಸೊಸಿನ್ನ ಇಟ್ಕೋತೀನಿ."

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ಸಣ್ಣಾಕಿ ಭಾಳ ಚಲೋ ಹುಡುಗಿ" ಎಂದಳು ಆಯಿ, ನನ್ನ ತಾಯಿಯ ಬಗ್ಗೆ. "ನಾ ಅಂದದ್ದಕ್ಕೆಲ್ಲಾ ಹೂಂ ಅಂತಾಳ. ಅಕಿ ಕೂಡ ಇದ್ರ ನಾ ಲಗೂನ ಮುದುಕಿ ಆಕ್ಕೀನಿ. ದೊಡ್ಡಾಕಿ ಕೂಡ ಜಗಳ ಬಾಕಿ ಅದಾವ."

ಎಲ್ಲರೂ ನಕ್ಕರು. ದೊಡ್ಡವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಆಯಿಯ ಎದುರು ಕುಕ್ಕರುಗಾಲಲ್ಲಿ ಕೂತು ಅತ್ತಳು. ಅಷ್ಟು ವರ್ಷ ಆ ಮನೆಯಲ್ಲಿ ತನ್ನನ್ನು ಯಾರಾದರೂ ಆರಿಸಿಕೊಂಡಾರು ಎಂದು ಆಕೆ ಎಣಿಸಿರಲಿಲ್ಲವೋ ಏನೋ. ಆ ಮೇಲೆಯೂ ಅವರಿಬ್ಬರೂ ಕೊನೆಯತನಕ ಜಗಳಾಡಿದರು, ಆದರೆ ಬಯ್ಗುಳದ ನಡುವೆ ಒಬ್ಬರ ಬಟ್ಟಲಿಗೆ ಒಬ್ಬರು ಬೆಣ್ಣೆ ಹಾಕುತ್ತಿದ್ದರು.

ಮರುದಿನ ಅತ್ತಿಯನ್ನು ಗಾಡಿ ಹತ್ತಿಸಲು ಹೋದಾಗ ಕೇಳಿದೆ: "ಅತ್ತಿ, ಆಯಿ ಯಾರನ್ನೂ ಒಲ್ಲೆ ಅಂದಿದ್ರ?"

"ಅಂದಿದ್ರ ಅದೂ ಅಕಿ ಮಾತ. ಕೇಳಿದ ಮ್ಯಾಲೆ ಕೇಳಬೇಕಲ್ಲೋ ತಮ್ಮಾ" ಎಂದಳು.

ಅಂಗಡಿಯವನಿಗೂ ಅತ್ತಿಗೂ ಇರುವ ಅಂತರ ನನಗೆ ತಿಳಿದದ್ದು ಅಲ್ಲೇ. ಅವನು ತನಗೆ ಬೇಕಾದ ಉತ್ತರಕ್ಕಾಗಿ ಮಾತು ಜೋಡಿಸುತ್ತಾನೆ. ಆಕೆ, ಎದುರಿನವರು ತಲೆ ಎತ್ತಿ ಉತ್ತರ ಕೊಡಲಿ ಎಂದು ಜೋಡಿಸುತ್ತಿದ್ದಳು.

ಇಷ್ಟು ಬರೆದು ಇಂದು ಮುಂಜಾನೆ ಪೆನ್ನು ಕೆಳಗಿಟ್ಟೆ. ದೊಡ್ಡಪ್ಪನ ಮಗ, ನನ್ನ ಅಣ್ಣ, ನವಲಗುಂದದಲ್ಲಿದ್ದಾನೆ. ಹೆಂಡತಿ ತೀರಿಕೊಂಡ ಮೇಲೆ ಮನೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ನಮ್ಮಲ್ಲಿಗೆ ಬಂದಿರು ಎಂದು ಪ್ರತಿ ಸಲ ಫೋನಿನಲ್ಲಿ ಹೇಳುತ್ತೇನೆ, ಪ್ರತಿ ಸಲ ಒಲ್ಲೆ ಎನ್ನುತ್ತಾನೆ. ಇಂದು ಬೇರೆ ಥರ ಕೇಳಿದೆ:

"ಅಣ್ಣಾ, ಇಲ್ಲೆ ನನಗ ಹಳೇ ಮಾತ ಆಡಾಕ ಯಾರೂ ಇಲ್ಲ. ನಾಕು ದಿನಾ ನನ್ನ ನಿನ್ನ ಕಡೆ ಇಟ್ಕೋತಿ ಏನು?"

ಕೇಳುವಾಗಲೇ ತಿಳಿಯಿತು, ಇದು ಅವನಿಗಾಗಿ ಹೂಡಿದ ಉಪಾಯವಲ್ಲ, ಖರೇ ಮಾತೇ.

"ಇಂದ ಬಿಸಲು ಚಲೋ ಐತಿ. ನಿನ್ನ ಹಾಸಿಗಿ ಮಾಳಿಗಿ ಮ್ಯಾಲೆ ಒಣಗಾಕ ಹಾಕ್ತೀನಿ. ನೀ ಹೊಂಟ ಬಾ" ಎಂದ ಅಣ್ಣ.