ಮಗು ದೂಡಿದ ತಟ್ಟೆ

ಅದು 1981ರ ಬೇಸಿಗೆ. ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ ಮೂಡುಬಿದಿರೆಯ ಮನೆಗೆ ಮರಳಿದ್ದೆ. ಆ ದಿನದ ಬಗ್ಗೆ ನನ್ನ ಡೈರಿಯಲ್ಲಿ ಒಂದೇ ಸಾಲು ಉಂಟು: "ಮಗು ಉಂಡಿತು. ಪದಾರ್ಥ ಸ್ವಲ್ಪ ಖಾರ." ಉಳಿದದ್ದೆಲ್ಲ ನೆನಪಿನಿಂದ ಬರೆಯುತ್ತಿದ್ದೇನೆ. ಮನೆಯಲ್ಲಿ ನಾವು ಆಡುವುದು ತುಳು. ಹಾಗಾಗಿ ಇಲ್ಲಿನ ಮಾತುಗಳು ಆಡಿದ ಹಾಗೆಯೇ ಇವೆ ಎಂದು ಹೇಳಲಾರೆ.

ಅಣ್ಣ ನೈಜೀರಿಯಾದ ಒಂದು ಶಾಲೆಯಲ್ಲಿ ಮೇಷ್ಟ್ರು. ಆ ವರ್ಷ ರಜೆಗೆ ಬಂದವನೇ ಅತ್ತಿಗೆಯನ್ನು ಆಪರೇಷನ್ನಿಗೆ ಮಂಗಳೂರಿನ ಆಸ್ಪತ್ರೆಗೆ ಸೇರಿಸಿ, ನಾಲ್ಕು ವರ್ಷದ ಮಗಳು ಪದ್ಮಿನಿಯನ್ನು ನಮ್ಮಲ್ಲಿ ಬಿಟ್ಟ. ಅವಳಿಗೆ ತುಳು ಬಾರದು, ಅಲ್ಲಿ ಕಲಿತ ನಾಲ್ಕು ಇಂಗ್ಲಿಷ್ ಮಾತು ಅಷ್ಟೇ. ಹಾಲು, ಬಾಳೆಹಣ್ಣು ಬಿಟ್ಟು ಏನೂ ಸೇರದು. ತಟ್ಟೆ ಇಟ್ಟ ಕೂಡಲೇ ಎರಡೂ ಕೈಯಿಂದ ನಮ್ಮತ್ತ ದೂಡುತ್ತಿದ್ದಳು. ಮೂರನೆಯ ದಿನಕ್ಕೆ ಮುಖ ಇಳಿದುಹೋಗಿತ್ತು.

ಅಂದು ಬೆಳಿಗ್ಗೆ ಬಟ್ಟೆ ಒಯ್ಯಲು ಬಂದ ಅಣ್ಣ ಹೇಳಿದ: "ಅಲ್ಲಿ ಅವಳನ್ನು ನೋಡಿಕೊಳ್ಳುವ ಹೆಂಗಸು ಅಲಸಂಡೆ ಬೀಜದ್ದು ಒಂದು ಪದಾರ್ಥ ಮಾಡ್ತಾಳೆ. ಅದಾದರೆ ತಿಂತಾಳೆ. ಟೊಮೆಟೊ, ಮೆಣಸು, ನೀರುಳ್ಳಿ ಅರೆದು ಎಣ್ಣೆಯಲ್ಲಿ ಹುರಿಯಬೇಕು. ಅವರದ್ದು ಕೆಂಪು ತಾಳೆಎಣ್ಣೆ, ನೀನು ತೆಂಗಿನೆಣ್ಣೆ ಹಾಕು. ಒಣ ಸಿಗಡಿ ಹುಡಿಯೂ ಹಾಕ್ತಾರೆ, ನಮಗೆ ಹಾಕುವುದಿಲ್ಲ. ಅಮ್ಮನ ಹತ್ತಿರ ಆ ಹೆಸರೇ ಎತ್ತಬೇಡ ಮಾರಾಯ್ತಿ."

ನಮ್ಮದು ಜೈನರ ಮನೆ. ಅಡುಗೆಮನೆಗೆ ನೀರುಳ್ಳಿ ಬಂದದ್ದಿಲ್ಲ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಅಮ್ಮ ಮೊಮ್ಮಗಳ ಮುಖ ನೋಡಿ, "ಹೊರಗೆ ಮಾಡು. ನನ್ನ ಪಾತ್ರೆ ಮುಟ್ಟಬೇಡ" ಅಂದಳು. ಬಚ್ಚಲುಮನೆಯ ಆಚೆ ಮೂರು ಕಲ್ಲಿಟ್ಟು, ಹಳೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಧ್ಯಾಹ್ನದ ನಂತರ ಅಲಸಂಡೆ ಬೇಯಲು ಇಟ್ಟೆ. ಎರಡು ತಾಸು ಕಳೆದರೂ ಬೀಜ ಕಲ್ಲಿನ ಹಾಗೆಯೇ.

ಅಮ್ಮ ದೂರದಲ್ಲಿ ನಿಂತು ಕೇಳಿದಳು. "ನೆನೆ ಹಾಕಿದ್ದೆಯಾ?"

"ಇಲ್ಲ."

"ಎರಡೆರಡು ಡಿಗ್ರಿ ಮಾಡಿದ್ದೀ, ಇದೊಂದು ಯಾರೂ ಹೇಳಿಕೊಡಲಿಲ್ಲವಾ? ಕಾಯಿ ಎಷ್ಟು ಹಾಕ್ತೀ?"

"ಕಾಯಿ ಹಾಕ್ಲಿಕ್ಕಿಲ್ಲ ಅಮ್ಮ."

"ಕಾಯಿ ಇಲ್ಲದೆ ಅದೆಂಥ ಪದಾರ್ಥ!"

ಅರೆದದ್ದನ್ನು ಎಣ್ಣೆ ಬಿಡುವ ತನಕ ಹುರಿದು, ಬೆಂದ ಬೀಜ ಸೇರಿಸಿ, ಅರ್ಧದಷ್ಟನ್ನು ಸೌಟಿನಿಂದ ಮಸೆದು ಇಳಿಸುವಾಗ ಹೊತ್ತು ಮುಳುಗಿತ್ತು. ಅಮ್ಮನ ಊಟ ಆಗಿತ್ತು. ಒಲೆ ಬಿಟ್ಟು ಏಳಲಾಗದೆ ನಾನು ಉಂಡಿರಲಿಲ್ಲ. "ಮಗುವಿಗೆ ನೇಮ ಎಂಥದ್ದು, ಕೊಡು" ಎಂದು ಅಮ್ಮನೇ ಅಂದಳು.

ಜಗಲಿಯಲ್ಲಿ ಅನ್ನದ ಮೇಲೆ ಬಡಿಸಿದೆ. ಪದ್ಮಿನಿ ಮೂಸಿದಳು. ಕಣ್ಣು ಅರಳಿತು. ಆದರೂ ತಟ್ಟೆಯನ್ನು ನನ್ನತ್ತ ದೂಡಿದಳು. ಅಮ್ಮ "ಇದೂ ಬೇಡವಾ?" ಅನ್ನುವಷ್ಟರಲ್ಲಿ ಮಗು ನನ್ನ ಬಲಗೈ ಹಿಡಿದು ಅನ್ನದ ಮೇಲಿಟ್ಟು, "ಯೂ ಈಟ್" ಅಂದಿತು.

ಮೂರು ದಿನವೂ ಅವಳು ಬೇಡ ಅಂದದ್ದಲ್ಲ, ಬನ್ನಿ ಎಂದು ಕರೆದದ್ದು. ಅಲ್ಲಿ ಆ ಹೆಂಗಸು, ಅವಳ ಮಕ್ಕಳು, ಪದ್ಮಿನಿ ಎಲ್ಲರೂ ಒಂದೇ ಬೋಗುಣಿಯ ಸುತ್ತ ಕೂತು ಉಣ್ಣುತ್ತಿದ್ದರು ಎಂದು ಅಣ್ಣ ಆಮೇಲೆ ಹೇಳಿದ. ಎಂಜಲು ಎಂದು ಮಕ್ಕಳಿಗೂ ಬೇರೆ ಬೇರೆ ತಟ್ಟೆ ಇಡುವ ನಮಗೆ ಅದು ಹೊಳೆಯುವುದಾದರೂ ಹೇಗೆ?

ನಾನು ತಿನ್ನದಿದ್ದರೆ ಅವಳು ತಿನ್ನುವುದಿಲ್ಲ. ಆದರೆ ನನ್ನ ಭಯ ಎಂಜಲಿನದ್ದಲ್ಲ. ಮೈಸೂರಿನ ಹಾಸ್ಟೆಲಿನಲ್ಲಿ ಎರಡು ವರ್ಷ ರಾತ್ರಿ ಎಂಟಕ್ಕೆ, ನೀರುಳ್ಳಿ ಹಾಕಿದ ಊಟವನ್ನೇ ಮಾಡಿದ್ದೆ. ಅಮ್ಮನಿಗೆ ಮಾತ್ರ, "ನಮಗೆ ಬೇರೆಯೇ ಮಾಡ್ತಾರೆ, ಬೇಗ ಬಡಿಸ್ತಾರೆ" ಎಂದು ಕಾಗದ ಬರೆಯುತ್ತಿದ್ದೆ. ಸಲೀಸಾಗಿ ತಿಂದರೆ ಅಮ್ಮನಿಗೆ ತಿಳಿದುಬಿಡುತ್ತದೆ, ಮುಖ ಕಿವುಚಿ ನುಂಗಿದ ಹಾಗೆ ನಟಿಸಲೇ ಎಂದು ಒಂದು ಕ್ಷಣ ಯೋಚಿಸಿದೆ. ಮಗು ನನ್ನ ಬಾಯಿಯನ್ನೇ ನೋಡುತ್ತಿತ್ತು. ಒಂದು ತುತ್ತು ತಿಂದೆ. ಅವಳೂ ತಿಂದಳು. ಎರಡನೆಯದು, ಮೂರನೆಯದು. ನನಗೂ ಹಸಿವಾಗಿತ್ತು. ನಟಿಸುವುದು ಮರೆತೇಹೋಯಿತು.

"ಮೈಸೂರಿನಲ್ಲಿಯೂ ಹೀಗೇ ತಿಂತಿದ್ದೆಯಾ?" ಅಮ್ಮನ ಸ್ವರ ಏರಲಿಲ್ಲ.

"ಹೌದು" ಅಂದೆ ಎಂದು ನನ್ನ ನೆನಪು. ಏನೂ ಹೇಳದೆ ತಲೆ ತಗ್ಗಿಸಿಕೊಂಡೇ ಇದ್ದಿರಲೂಬಹುದು. ಧೈರ್ಯದ ಮಾತನ್ನು ನಾವು ಆಮೇಲೆ ಸೇರಿಸಿಕೊಳ್ಳುತ್ತೇವೆ. ಅಮ್ಮ ಓದಿಯಾಳು ಎಂದು ಡೈರಿಯಲ್ಲಿ ಒಂದೇ ಸಾಲು ಬರೆದವಳು, ಅಷ್ಟು ಸಲೀಸಾಗಿ ಹೌದು ಅಂದಿರುತ್ತೇನೆಯೇ?

ಮರುದಿನ ಸಂಜೆ ನಡೆದದ್ದರ ಬಗ್ಗೆ ಮಾತ್ರ ಅನುಮಾನವಿಲ್ಲ. ಅಮ್ಮ ತನ್ನ ಅಡುಗೆಯನ್ನೇ ಬಡಿಸಿ, ಪದ್ಮಿನಿಯ ಎದುರು ಕೂತು ಅವಳ ತಟ್ಟೆಯಿಂದಲೇ ಮೊದಲ ತುತ್ತು ತಾನು ತಿಂದು, ಉಳಿದದ್ದನ್ನು ಅವಳಿಗೆ ಬಿಟ್ಟಳು. ನನಗೆ ಮಾತ್ರ ತಟ್ಟೆ ಇಟ್ಟಿರಲಿಲ್ಲ. "ನಿನಗೆ ಯಾವಾಗ ಬೇಕೋ ಆವಾಗ ಉಣ್ಣು" ಅಂದಳು. ಅದು ಸಿಟ್ಟೋ ಬಿಡುಗಡೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೊರಗೆ ಇನ್ನೂ ಬಿಸಿಲಿತ್ತು. ನಾನೇ ಒಂದು ತಟ್ಟೆ ತಂದು ಅಮ್ಮನ ಪಕ್ಕದಲ್ಲಿ ಕೂತೆ.